ರೊಟ್ಟಿ ಅಕ್ಕ ಕೇಳಿದ ಆರಾಮ

ಅಕ್ಕ ಸತ್ತದ್ದು ಎದೆಯ ಗಂಟಿನಿಂದ. ಮಗಳ ಮುಖ ನೋಡದೆ ಸತ್ತದ್ದು ನನ್ನಿಂದ. ನಡೆದದ್ದು ಇಷ್ಟೇ. ಹಣೆಬರಹ, ಋಣ ತೀರಿತು, ದೇವರು ಕರೆದುಕೊಂಡ ಎಂದು ಆಗ ಚಾಳಿನ ಜನ ಹೇಳಿದ್ದೆಲ್ಲ ನನ್ನ ಬೆನ್ನು ಸವರಲಿಕ್ಕೆ. ನಾನು ಆಗಲೂ ನಂಬಲಿಲ್ಲ, ಈಗಲೂ ನಂಬುವುದಿಲ್ಲ.

ಇದೆಲ್ಲ ಎದ್ದು ಬಂದದ್ದು ಒಂದು ವಾಸನೆಯಿಂದ. ಈಗ ನಾನು ಗೋರೆಗಾಂವ್‌ನಲ್ಲಿ ಮಗನ ಮನೆಯಲ್ಲಿದ್ದೇನೆ, ಒಂಬತ್ತನೇ ಮಾಳಿಗೆ. ಹೋದ ವಾರ ಮೊಮ್ಮಗಳು ಮೊಬೈಲ್ ನೋಡಿಕೊಂಡು ಜೋಳದ ರೊಟ್ಟಿ ಮಾಡಲು ಹೋದಳು. ಹಂಚಿನ ಮೇಲೆ ಹಾಕಿ, ಯಾರದೋ ಫೋನ್ ಬಂದು, ಮರೆತಳು. ಜೋಳದ ಹಿಟ್ಟು ಸುಟ್ಟ ವಾಸನೆ ಮನೆಯೆಲ್ಲ ತುಂಬಿತು. ನಾನು ಅಡುಗೆಮನೆಗೆ ಹೋದವಳು ಒಲೆ ಆರಿಸುವುದನ್ನೂ ಬಿಟ್ಟು ನೆಲದ ಮೇಲೆ ಕೂತುಬಿಟ್ಟೆ. ಹುಡುಗಿ ಹೆದರಿ ಓಡಿ ಬಂದಳು. ಅವಳಿಗೆ ಕನ್ನಡ ತಿಳಿಯುತ್ತದೆ, ಆಡಲು ತಡವರಿಸುತ್ತಾಳೆ. "ಅಜ್ಜಿ, ಕ್ಯಾ ಹುವಾ? ಆರಾಮ್ ಬೇಕಾ ನಿನಗೆ?" ಎಂದಳು.

ಸ್ವಲ್ಪ ಮಲಗುತ್ತೀಯಾ ಎಂದು ಅವಳು ಕೇಳಿದ್ದು. ಆದರೆ ಆ ಮಾತು... ಐವತ್ತು ವರ್ಷದ ಹಿಂದೆ ಇದೇ ಮಾತನ್ನು, ಇದೇ ಅರೆಬೆಂದ ಭಾಷೆಯಲ್ಲಿ, ನಾನು ಇನ್ನೊಬ್ಬರಿಗೆ ಕೇಳಿದ್ದೆ.

ನಾನು ಮೂರನೇ ಇಯತ್ತೆ ಕಲಿತವಳು. ಬರೆಯುವುದು ನಿಧಾನ, ಅಕ್ಷರ ದಪ್ಪ. ಹಳೆಯ ಮುಂಬಯಿಯ ನೆನಪು ಬರೆದು ಕೊಡಿ ಎಂದು ಮಾಟುಂಗದ ಕನ್ನಡ ಸಂಘದವರು ಕೇಳಿದ್ದಾರೆ. ಒತ್ತು, ದೀರ್ಘ ತಪ್ಪಿದ್ದರೆ ಅವರು ತಿದ್ದಿಕೊಳ್ಳಲಿ. ಮಾತನ್ನು ಮೆತ್ತಗೆ ಮಾಡಬಾರದು, ಅಷ್ಟೇ.

ಯುದ್ಧ ಎಂದು ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸಿದ ವರ್ಷದ ಮುಂದಿನ ವರ್ಷ ಅದು. ಬೈಕುಲ್ಲಾದ ಒಂದು ಚಾಳಿನ ಎರಡನೇ ಮಾಳಿಗೆಯಲ್ಲಿ ನಾನು, ನನ್ನ ಗಂಡ ಇದ್ದೆವು. ಬಾಜೂ ಖೋಲಿಯಲ್ಲಿ ಅಕ್ಕ. ನಡುವೆ ಇದ್ದದ್ದು ಹಲಗೆಯ ಗೋಡೆ. ನಸುಕಿನಲ್ಲಿ ಆಕೆ ರೊಟ್ಟಿ ಬಡಿಯಲು ಶುರು ಮಾಡಿದರೆ ನನ್ನ ತಲೆದಿಂಬಿನ ಕೆಳಗೇ ಬಡಿದ ಹಾಗೆ ಕೇಳುತ್ತಿತ್ತು. ಆ ಖೋಲಿಯೇ ಆಕೆಯ ಖಾನಾವಳಿ. ನಮ್ಮ ಬಿಜಾಪುರ, ಬಾಗಲಕೋಟೆ ಕಡೆಯಿಂದ ಬಂದು ಕಟ್ಟಡಗಳಿಗೆ ಕಲ್ಲು ಹೊರುವವರು, ಮಾರ್ಕೆಟ್‌ನಲ್ಲಿ ಮೂಟೆ ಎತ್ತುವವರು, ಇಪ್ಪತ್ತು ಇಪ್ಪತ್ತೈದು ಗಂಡಸರು ಪಾಳಿ ಹಚ್ಚಿ ಅಲ್ಲಿ ಉಣ್ಣುತ್ತಿದ್ದರು. ಹಿಂದೂ, ಮುಸಲ್ಮಾನ ಎಂದು ಎರಡು ಪಂಕ್ತಿ ಇರಲಿಲ್ಲ. ಇಡಲು ಜಾಗವೇ ಇರಲಿಲ್ಲ. ಎಲ್ಲರಿಗೂ ಆಕೆ ರೊಟ್ಟಿ ಅಕ್ಕ. ಹೆಸರು ಒಂದಿತ್ತು. ಯಾರೂ ಕರೆಯುತ್ತಿರಲಿಲ್ಲ, ನಾನೂ ಬರೆಯುವುದಿಲ್ಲ.

ಆ ವರ್ಷ ರೇಶನ್ ಅಂಗಡಿಯಲ್ಲಿ ಬಿಳಿ ಜೋಳ ಸಿಗದೆ ಹೊರದೇಶದ ಕೆಂಪು ಜೋಳ ಬರುತ್ತಿತ್ತು. ಜಿಗುಟಿಲ್ಲದ ಹಿಟ್ಟು, ಬಡಿದರೆ ಅಂಚು ಒಡೆಯುತ್ತಿತ್ತು. ಉಣ್ಣುವವರು ಮುಖ ಸಿಂಡರಿಸಿದರೆ ಅಕ್ಕ ಬಿಡುತ್ತಿರಲಿಲ್ಲ. "ಅಮೇರಿಕಾದಾಗ ಇದನ್ನ ದನಕ್ಕ ಹಾಕ್ತಾರಂತ. ತಿನ್ರಿ, ನೀವೇನ ಅವಕಿಂತ ಕಮ್ಮಿ ಅದೀರೇನು?" ಎನ್ನುತ್ತಿದ್ದಳು. ಬೈಸಿಕೊಂಡವರೇ ನಕ್ಕು ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳುತ್ತಿದ್ದರು.

ನನ್ನನ್ನಂತೂ ಕಂಡ ಕೂಡಲೇ ಶುರು. ನಾನು ಹತ್ತಿರದ ಒಂದು ಧರ್ಮದ ದವಾಖಾನೆಯಲ್ಲಿ ಹೆಂಗಸರ ವಾರ್ಡಿನ ಆಯಾ. "ಡಾಕ್ಟರಬಾಯಿ ಬಂದ್ಲು, ದಾರಿ ಬಿಡ್ರಪ್ಪಾ. ಏನವಾ, ಬೆಡ್‌ಪ್ಯಾನ್ ತೊಳದ ಕೈ ತೊಳಕೊಂಡಿಯೋ ಹಂಗ ಬಂದಿಯೋ?" ಎಂದು ಗಂಡಸರ ಮುಂದೆಯೇ ಕೇಳುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು. ಆದರೂ ದಿನಾ ಹೋಗುತ್ತಿದ್ದೆ. ಹೊಟ್ಟೆಯಲ್ಲಿ ಕೂಸು ನಿಲ್ಲದೆ ಎರಡು ಸಲ ನಾನು ಹಾಸಿಗೆ ಹಿಡಿದಾಗ ನನ್ನ ಬಟ್ಟೆ ಒಗೆದವಳು ಆಕೆ, ಬಾಯಿಂದ ಒಂದು ಸಮಾಧಾನದ ಮಾತು ಆಡದೆ.

ಆಕೆಯ ಗಂಡ ಇರಲಿಲ್ಲ, ತೀರಿಕೊಂಡು ವರ್ಷಗಳಾಗಿದ್ದವು. ಒಬ್ಬಳೇ ಮಗಳು, ಹತ್ತು ವರ್ಷದ್ದು, ಊರಲ್ಲಿ ಅಕ್ಕನ ತಮ್ಮನ ಹತ್ತಿರ. ಇಷ್ಟು ಗಂಡಸರು ಬಂದು ಹೋಗುವ ಖೋಲಿಯಲ್ಲಿ ಹುಡುಗಿಯನ್ನು ಹೇಗೆ ಇಟ್ಟುಕೊಳ್ಳುವುದು? ಎರಡು ವರ್ಷದ ಹಿಂದೆ ಊರಿಗೆ ಹೋಗಿ ತಿರುಗಿ ಬರುವಾಗ ಹುಡುಗಿ ಹೋಗಬೇಡ ಎಂದು ಹಠ ಹಿಡಿದು, ಜೋಳದ ಚೀಲಗಳ ಹಿಂದೆ ಅಡಗಿ ಕೂತಿತ್ತಂತೆ. ಎಷ್ಟು ಕರೆದರೂ ಓ ಅನ್ನಲಿಲ್ಲ. ಬಸ್ಸು ಬಂತು. ಅಕ್ಕ ಹಾಗೇ ಹತ್ತಿ ಬಂದಿದ್ದಳು. "ಮಾತಾಡಿಸದ ಬಂದೀನಿ ನೋಡು" ಎಂದು ಒಮ್ಮೆ ಮಾತ್ರ ನನ್ನ ಮುಂದೆ ಹೇಳಿದ್ದು, ಹಿಟ್ಟು ನಾದುತ್ತ, ತಲೆ ಎತ್ತದೆ. ಆಕೆಗೆ ಬೇಕಿದ್ದದ್ದು ಅದೊಂದೇ. ಹೋಗಬೇಕು, ಆ ಹುಡುಗಿಯನ್ನು ಮಾತಾಡಿಸಬೇಕು.

ಮೊದಲು ನನಗೆ ತಿಳಿದದ್ದು ಕಿವಿಯಿಂದ. ರೊಟ್ಟಿ ಬಡಿಯುವ ತಾಳ ತಪ್ಪಿತ್ತು. ಎರಡು ಕೈಯ ಸಪ್ಪಳ ಹೋಗಿ ಒಂದೇ ಕೈಯ ಸಪ್ಪಳ ಬರುತ್ತಿತ್ತು. ಹೋಗಿ ನೋಡಿದರೆ ಎಡಗೈಯಿಂದ ಬಡಿಯುತ್ತಿದ್ದಾಳೆ, ಬಲಗೈ ಬಾತು ಬಳೆ ಮೇಲೆ ಕೆಳಗೆ ಆಡುತ್ತಿಲ್ಲ. ಬಡಿದು ಬಡಿದು ಉಳುಕಿದೆ ಎಂದಳು. ನಾನು ವಾರ್ಡಿನಲ್ಲಿ ಅಂಥ ಕೈ ನೋಡಿದ್ದೆ. ಕುಪ್ಪಸ ಬಿಚ್ಚು ಎಂದೆ. ಬೈದಳು. ಬಿಚ್ಚಿಸಿದೆ. ಎದೆಯ ಗಂಟನ್ನು ಒಂದು ವರ್ಷದಿಂದ ಬಚ್ಚಿಟ್ಟುಕೊಂಡಿದ್ದಳು, ಹಳೆಯ ಸೀರೆಯ ಚೂರು ಮಡಚಿ ಒಳಗಿಟ್ಟು.

ದವಾಖಾನೆಗೆ ಎಳೆದುಕೊಂಡು ಹೋದೆ. ಅಲ್ಲೊಬ್ಬರು ವಯಸ್ಸಾದ ಪಾರ್ಸಿ ಡಾಕ್ಟರ್ ಇದ್ದರು. ಅವರ ಬಗ್ಗೆ ಎರಡು ಮಾತು ಹೇಳಬೇಕು. ಆಗಿನ ಡಾಕ್ಟರರು ಸಾಯುವ ರೋಗವನ್ನು ರೋಗಿಗೆ ಹೇಳುತ್ತಿರಲಿಲ್ಲ. ಗಂಡನನ್ನೋ ಅಣ್ಣನನ್ನೋ ವರಾಂಡಕ್ಕೆ ಕರೆದು ಹೇಳುತ್ತಿದ್ದರು. ಅವನು ಒಳಗೆ ಬಂದು ನಗುತ್ತಿದ್ದ. ಆ ನಗು ನೋಡಿಯೇ ರೋಗಿಗೆ ತಿಳಿಯುತ್ತಿತ್ತು. ಈ ಮುದುಕರು ಹಾಗಲ್ಲ. ಸ್ಟೂಲ್ ಎಳೆದುಕೊಂಡು ಮಂಚದ ಪಕ್ಕ ಕೂತು, ಇಂಥದ್ದು ಹೀಗಿದೆ, ನಿನಗೇನು ಬೇಕು ಎಂದು ರೋಗಿಯನ್ನೇ ಕೇಳುತ್ತಿದ್ದರು. ಮುದುಕನಿಗೆ ಅರಳು ಮರಳು ಎಂದು ಸಿಸ್ಟರ್‌ಗಳು ನಗುತ್ತಿದ್ದರು. ನಮ್ಮ ಕಡೆಯ, ಹಿಂದಿ ಬಾರದ ಹೆಂಗಸು ಬಂದರೆ ನನಗೆ ಕರೆ ಬರುತ್ತಿತ್ತು. ಅಲ್ಲಿ ಆಯಾಗಳಿಗೆ ಮಾವಶಿ ಅನ್ನುತ್ತಾರೆ, ಮರಾಠಿಯಲ್ಲಿ ಚಿಕ್ಕಮ್ಮ ಎಂದು. ಕನ್ನಡದ ಮಾವಶಿಯನ್ನು ಕರೆಯಿರಿ ಎಂದು ಡಾಕ್ಟರ್ ಹೇಳಿದರೆ ನಾನು ಪೊರಕೆ ಬಿಟ್ಟು ಎದೆ ಸೆಟೆಸಿ ಹೋಗುತ್ತಿದ್ದೆ. ನನ್ನ ಹಿಂದಿ ತರಕಾರಿ ಕೊಳ್ಳುವ ಹಿಂದಿ. ಸೊಕ್ಕು ಮಾತ್ರ ವಕೀಲರದ್ದು.

ಅಕ್ಕನನ್ನು ನೋಡಿ, ಎಲುಬಿನ ಫೋಟೋ ತೆಗೆಸಿ, ಮೂರನೇ ದಿನ ಡಾಕ್ಟರ್ ನಮ್ಮಿಬ್ಬರನ್ನೂ ಕೂರಿಸಿಕೊಂಡರು. ಬಹಳ ಹೊತ್ತು ಮಾತಾಡಿದರು. ಗಂಟು ಕಂಕುಳಿಗೆ, ಎಲುಬಿಗೆ ಹೋಗಿದೆ. ಆಪರೇಶನ್, ಆಮೇಲೆ ದೊಡ್ಡ ಆಸ್ಪತ್ರೆಯಲ್ಲಿ ಬಿಜಲಿಯ ಶೇಕ, ಅಂದರೆ ಕರೆಂಟಿನಿಂದ ಗಂಟು ಸುಡುವುದು. ಅಷ್ಟು ಮಾಡಿದರೂ ಹೋಗುವ ರೋಗವಲ್ಲ, ಕೆಲವು ತಿಂಗಳು ಮುಂದೆ ಹೋಗಬಹುದು, ಆ ತಿಂಗಳುಗಳೂ ಇಲ್ಲೇ ಮಂಚದ ಮೇಲೆ. ಇಲ್ಲವಾದರೆ ಅದೆಲ್ಲ ಬಿಟ್ಟು, ನೋವಿಗೆ ಔಷಧ ತೆಗೆದುಕೊಂಡು, ರೈಲಿನಲ್ಲಿ ಕೂರುವಷ್ಟು ಶಕ್ತಿ ಇರುವಾಗಲೇ ತನ್ನ ಜನರ ಹತ್ತಿರ ಹೋಗಬಹುದು. ಇದೆಲ್ಲ ನನಗೆ ಪೂರ್ತಿ ತಿಳಿದದ್ದು ಆಮೇಲೆ. ಆಗ ಅರ್ಧ ತಿಳಿಯಿತು. ತಿಳಿಯದ ಅರ್ಧಕ್ಕೂ ತಿಳಿದವಳಂತೆ ತಲೆ ಆಡಿಸಿದೆ.

ಕೊನೆಗೆ ಅವರು ಕೇಳಿದರು, "ಬಾಯಿ ಕೋ ಪೂಛೋ. ಆಪರೇಶನ್ ಮಾಂಗ್ತಾ, ಯಾ ಆರಾಮ್ ಮಾಂಗ್ತಾ?"

ಅವರ ಆರಾಮ್ ಅಂದರೆ ನೋವಿಲ್ಲದೆ ಮಲಗುವುದು, ಕೊಯ್ಯಿಸಿಕೊಳ್ಳದೆ ಶಾಂತವಾಗಿ ಹೋಗುವುದು. ನಮ್ಮ ಕಡೆಯ ಆರಾಮ ಬೇರೆ. ಜ್ವರ ಬಿಟ್ಟರೆ ಆರಾಮ ಆಯಿತು ಅನ್ನುತ್ತೇವೆ. ಮೈ ನೆಟ್ಟಗಿದ್ದರೆ ಆರಾಮ. ಆರಾಮ ಅದೀರಿ ಎಂದು ಕೇಳದೆ ನಾವು ಮಾತೇ ಶುರು ಮಾಡುವುದಿಲ್ಲ. ಒಂದೇ ಮಾತು. ಒಂದು ಕಡೆಯಿಂದ ಸಾವು, ಇನ್ನೊಂದು ಕಡೆಯಿಂದ ಬದುಕು. ನಡುವೆ ನಾನು ಕೂತಿದ್ದೆ, ಎರಡೂ ಬರುತ್ತದೆ ಎಂದುಕೊಂಡು.

"ಅಕ್ಕಾ, ಆಪರೇಶನ್ ಮಾಡಸ್ತಿಯೋ, ಆರಾಮ ಬೇಕೋ ಅಂತ ಕೇಳಾಕತ್ತಾರ" ಎಂದೆ.

ಅಕ್ಕ ನಕ್ಕಳು. "ಅಯ್ಯ, ಇದನ್ನ ಕೇಳಾಕ ಇಷ್ಟ ಸಾಲಿ ಕಲೀಬೇಕೇನು? ಆರಾಮ ಯಾರಿಗೆ ಬ್ಯಾಡ? ಆರಾಮ ಬೇಕು ಅಂತ ಹೇಳು."

"ಆರಾಮ್ ಮಾಂಗ್ತಾ" ಎಂದು ನಾನು ಹೇಳಿದೆ.

ಡಾಕ್ಟರ್ ಎದ್ದು ಬಂದು ಆಕೆಯ ಹೆಗಲ ಮೇಲೆ ಕೈ ಇಟ್ಟರು. ಬಹಾದ್ದೂರ್ ಬಾಯಿ ಎಂದರು. ಈ ತಿಂಗಳಲ್ಲೇ ಊರಿಗೆ ಕಳಿಸು ಎಂದು ನನಗೆ ಹೇಳಿ, ಔಷಧದ ಚೀಟಿ ಬರೆದರು. ಮೆಟ್ಟಿಲು ಇಳಿಯುವಾಗ ಅಕ್ಕ ಕೇಳಿದಳು, "ಡಾಕ್ಟರ ಕಣ್ಣಾಗ ನೀರ ಯಾಕ ಬಂದಿತ್ತವಾ?"

"ಮುದುಕರು ಅದಾರ. ಕಣ್ಣ ಸೋರ್ತಾವ" ಎಂದೆ. ಹಾಗೆಂದೇ ತಿಳಿದಿದ್ದೆ.

ಊರಿಗೆ ಹೋಗು ಅಂದಿದ್ದಾರೆ ಎಂಬುದನ್ನೂ ಹೇಳಿದೆ. "ಆರಾಮ ಆದಮ್ಯಾಲ ಹೋಗ್ತೀನಿ. ಈ ಬಾಳಿದಿಂಡಿನಂಥ ಕೈ ತೊಗೊಂಡು ಹೋದ್ರ ಹುಡುಗಿ ಮತ್ತ ಚೀಲದ ಹಿಂದ ಅಡಗತದ" ಎಂದಳು.

ಔಷಧ ಕಹಿ. ಆದರೆ ಎಂಟು ದಿನಕ್ಕೆ ನೋವು ಇಳಿಯಿತು. ನಿದ್ದೆ ಬಂತು, ಊಟ ಸೇರಿತು. ಆಕೆಗೆ ನಂಬಿಕೆ ಬಂತು, ನನಗೂ ಬಂತು. ಕೈ ಮಾತ್ರ ಏಳುತ್ತಿರಲಿಲ್ಲ, ಅದಕ್ಕೆ ಉಣ್ಣುವವರಲ್ಲೇ ಇಬ್ಬರನ್ನು ಒಲೆಯ ಮುಂದೆ ಕೂರಿಸಿ ತಾನು ಗೋಡೆಗೆ ಒರಗಿ ಹುಕುಂ ಮಾಡುತ್ತಿದ್ದಳು. ಅವರಲ್ಲೊಬ್ಬ ಬಾದಾಮಿ ಕಡೆಯ ಕಲ್ಲುಕುಟಿಗ. "ರೊಟ್ಟಿ ಬಡಿ ಅಂದ್ರ ಚಪ್ಪಡಿ ಕಲ್ಲ ಮಾಡೀಯಲ್ಲೋ ಭಾಡ್ಯಾ. ಒಯ್ದು ಬಿಲ್ಡಿಂಗಿಗೆ ಹಾಸು" ಎಂದು ಆಕೆ ಅಂದರೆ ಖೋಲಿಗಳ ಮುಂದಿನ ಇಡೀ ಗ್ಯಾಲರಿ ನಗುತ್ತಿತ್ತು. ಅವು ಒಳ್ಳೆಯ ದಿನಗಳು... ಅಂಥ ಒಳ್ಳೆಯ ದಿನಗಳು ಬರದೇ ಇದ್ದಿದ್ದರೆ ಆಕೆ ಹೆದರಿ ಊರಿಗೆ ಹೋಗಿರುತ್ತಿದ್ದಳು. ಹೀಗೂ ಯೋಚನೆ ಮಾಡಿದ್ದೇನೆ.

ಐದು ವಾರ ಕಳೆದಿತ್ತು. ವಾರ್ಡಿನಲ್ಲಿ ನೆಲ ಒರೆಸುತ್ತಿದ್ದೆ. ಡಾಕ್ಟರ್ ನಿಂತು, ಆ ರೋಟಿವಾಲಿ ಬಾಯಿ ಊರಲ್ಲಿ ಹೇಗಿದ್ದಾಳೆ, ಏನಾದರೂ ಸುದ್ದಿ ಬಂತಾ ಎಂದು ಕೇಳಿದರು. ಊರಿಗೆ ಹೋಗಿಲ್ಲ ಸಾಹೇಬ, ಆರಾಮ ಆದ ಮೇಲೆ ಹೋಗುತ್ತಾಳಂತೆ ಎಂದೆ. ಅವರು ನನ್ನ ಮುಖ ನೋಡಿದರು. ಆರಾಮ ಆದ ಮೇಲೆ ಅಂದರೆ ಏನು ಎಂದರು. ಹೇಳಿದೆ. ಅವರು ವರಾಂಡದ ಬೆಂಚಿನ ಮೇಲೆ ಕೂತು, ನನ್ನನ್ನೂ ಕೂರಿಸಿ, ಆ ದಿನ ಹೇಳಿದ್ದನ್ನೆಲ್ಲ ಇನ್ನೊಮ್ಮೆ ಹೇಳಿದರು, ಸಣ್ಣ ಕೂಸಿಗೆ ಹೇಳುವ ಹಾಗೆ, ಒಂದೊಂದೇ ಮಾತು. ಬೈಯಲಿಲ್ಲ. ಈಗ ಹೋಗಿ ಹೇಳು, ಇವತ್ತೇ ಹೇಳು, ಇನ್ನು ಸ್ವಲ್ಪ ದಿನಕ್ಕೆ ಆಕೆ ಕೂರಲಾರಳು ಎಂದರು. ನಾನು ಬರಲೇ ಎಂದೂ ಕೇಳಿದರು. ಬೇಡ ಸಾಹೇಬ, ನಾನೇ ಹೇಳುತ್ತೇನೆ ಎಂದೆ.

ಅವತ್ತು ಕೆಲಸ ಬಿಟ್ಟು ಸೀದಾ ಮನೆಗೆ ಹೋಗಲಿಲ್ಲ. ಲೋಕಲ್ ಹತ್ತಿ ದಾದರ್ ಸ್ಟೇಷನ್ನಿಗೆ ಹೋಗಿ ಸೋಲಾಪುರದ ಗಾಡಿಯ ವೇಳೆ ಕೇಳಿದೆ. ರಾತ್ರಿ ಒಂಬತ್ತೂ ನಲವತ್ತು. ಬೆಳಗಾದರೆ ಸೋಲಾಪುರ, ಅಲ್ಲಿಂದ ಬಿಜಾಪುರಕ್ಕೆ ಸಣ್ಣ ಗಾಡಿ. ಒಂಬತ್ತೂ ನಲವತ್ತು, ಒಂಬತ್ತೂ ನಲವತ್ತು ಎಂದು ಬಾಯಿಪಾಠ ಮಾಡುತ್ತ ಚಾಳಿನ ಮೆಟ್ಟಿಲು ಹತ್ತಿದೆ. ಅಕ್ಕ ಬಾಗಿಲಲ್ಲೇ ಕೂತಿದ್ದಳು. "ಡಾಕ್ಟರಬಾಯಿಗೆ ಇವತ್ತ ಹೊತ್ತಾತು. ಎಷ್ಟ ಜನಕ್ಕ ಆಪರೇಶನ್ ಮಾಡಿ ಬಂದಿ?" ಎಂದಳು.

ಹೇಳಲಿಲ್ಲ.

ಮರುದಿನವೂ ಹೇಳಲಿಲ್ಲ. ಗಂಡನಿಗೆ ಹೇಳಿದೆ. ಸಾಯುವವರಿಗೆ ಸಾಯುತ್ತೀ ಅಂತ ಯಾರಾದರೂ ಹೇಳುತ್ತಾರೇನೇ, ನಗುತ್ತ ಇದ್ದಾಳೆ, ಇರಲಿ ಬಿಡು ಎಂದ. ಚಾಳಿನ ಹಿರಿಯರೂ ಅದನ್ನೇ ಅಂದರು. ನನಗೂ ಅದೇ ಬೇಕಾಗಿತ್ತು. ಆಕೆಯ ಮನಸ್ಸು ನೋಯಬಾರದು ಎಂದು ಸುಮ್ಮನಿದ್ದೆ ಎಂದು ಬಹಳ ವರ್ಷ ಹೇಳಿಕೊಂಡೆ. ಅದು ಸುಳ್ಳು. ನನಗೆ ಹಿಂದಿ ಬರುವುದಿಲ್ಲ ಎಂಬುದು ಗೊತ್ತಾಗುತ್ತದಲ್ಲ, ಅದಕ್ಕೆ ಸುಮ್ಮನಿದ್ದೆ.

ಆರನೇ ದಿನ ಅಕ್ಕ ಊರಿಗೆ ಪತ್ರ ಬರೆ ಎಂದಳು. ಆಕೆಗೆ ಅಕ್ಷರ ಬಾರದು, ಪತ್ರ ಬರೆಯುವವಳು ಯಾವಾಗಲೂ ನಾನೇ. ಬರೆದೆ. ನಾನು ಇಲ್ಲಿ ಆರಾಮ ಇದ್ದೇನೆ. ಪೂರ್ತಿ ಆರಾಮ ಆದ ಕೂಡಲೇ ಬರುತ್ತೇನೆ. ಹುಡುಗಿಗೆ ಸಿಟ್ಟು ಬಿಡು ಎಂದು ಹೇಳು. ಹೀಗೆ ಆಕೆ ಹೇಳಿದಳು, ಹೀಗೇ ಬರೆದೆ. ಆರಾಮ ಎಂದು ಎರಡು ಸಲ, ದಪ್ಪ ಅಕ್ಷರದಲ್ಲಿ, ಗೊತ್ತಿದ್ದೂ. ಆ ಪತ್ರವನ್ನು ಎರಡು ದಿನ ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗಿದೆ. ಹಾಕಲೂ ಆಗಲಿಲ್ಲ, ಹರಿಯಲೂ ಆಗಲಿಲ್ಲ. ಎಂಟನೇ ದಿನ ಟಪಾಲಿನ ಡಬ್ಬಿಗೆ ಹಾಕಿದೆ.

ಒಂಬತ್ತನೇ ದಿನ ಅಕ್ಕ ಮೈ ತೊಳೆಯುವ ಮೋರಿಗೆ ಹೋದವಳು ಏಳಲಿಲ್ಲ. ಬೆನ್ನು ಹೋಗಿತ್ತು. ಎತ್ತಿಕೊಂಡು ಬಂದು ಮಲಗಿಸಿದೆವು. ಹನ್ನೊಂದನೇ ದಿನ ಬೆಳಿಗ್ಗೆ, ಉಂಡವರೆಲ್ಲ ಕೆಲಸಕ್ಕೆ ಹೋದ ಮೇಲೆ, ಹೋಗಿ ಪಕ್ಕದಲ್ಲಿ ಕೂತೆ.

"ಸುಮಾರು ದಿನದಿಂದ ನೀ ನನ್ನ ಮಾರಿ ನೋಡವಲ್ಲಿ. ಏನ ಕದ್ದೀ ಹೇಳು" ಎಂದಳು.

ಹೇಳಿದೆ. ಡಾಕ್ಟರ್ ಹೇಳಿದ್ದು, ನಾನು ಹೇಳಿದ್ದು, ಎರಡನ್ನೂ. ಆಕೆ ಮೇಲೆ ಜಂತಿ ನೋಡುತ್ತ ಕೇಳಿದಳು.

"ಅಂದ್ರ ಆರಾಮ ಆಗೂದಿಲ್ಲ."

"ಇಲ್ಲ."

"ನಿನಗ ಯಾವಾಗ ಗೊತ್ತಾತು?"

"ಹನ್ನೊಂದ ದಿನ ಆತು."

ಎಡಗೈಯ ಬೆರಳು ಮಡಚಿದಳು. "ಹನ್ನೊಂದ ದಿನದ ಹಿಂದ ನಾ ಕುಂಡ್ರತಿದ್ನೇನು?"

"ಕುಂಡ್ರತಿದ್ದಿ. ಅಡ್ಡಾಡತಿದ್ದಿ."

ಬೈಯಲಿಲ್ಲ. ಜೀವನದಲ್ಲಿ ಎಲ್ಲದಕ್ಕೂ ಬೈದವಳು, ಹಿಟ್ಟು ತೆಳ್ಳಗಾದರೆ, ನೀರು ಚೆಲ್ಲಿದರೆ ಬೈದವಳು, ಅವತ್ತು ಬೈಯಲಿಲ್ಲ. ಕೆಳಗೆ ರಸ್ತೆಯಲ್ಲಿ ಕೈಗಾಡಿಗಳ ಸಪ್ಪಳ ಬರುತ್ತಿತ್ತು. "ಮತ್ತೊಮ್ಮೆ ಕೇಳು" ಎಂದಳು.

"ಏನ?"

"ಡಾಕ್ಟರ್ ಕೇಳಿದ್ದನ್ನ. ಈ ಸಲ ನೆಟ್ಟಗ ಕೇಳು."

ನಾನು ಕೇಳಿದೆ. ಇರುವಷ್ಟು ದಿನ ಹೇಗಿರಬೇಕು ಎಂದು ಕೇಳಿದೆ. ಆಕೆ ಹೇಳುತ್ತ ಹೋದಳು, ಸಂತೆಗೆ ಹೋಗುವವರಿಗೆ ಸಾಮಾನು ಹೇಳುವ ಹಾಗೆ. ದವಾಖಾನೆ ಬೇಡ. ಒಲೆ ಆರಬಾರದು, ತಾನು ಮಲಗಿದ್ದೇನೆಂದು ಯಾರೂ ಹಸಿದು ಹೋಗಬಾರದು. ಸುಡುವುದು ಬೇಡ, ಮಣ್ಣು ಕೊಡಬೇಕು, ಕೂರಿಸಿ, ನಮ್ಮ ಕಡೆ ಕೊಡುವ ಹಾಗೆ. ಊರಿಗೆ ತಾರು ಹಾಕಬೇಕು, ಈಗಲೇ. ಕೊನೆಗೆ ಒಂದು ಮಾತು ಹೇಳಿದಳು, ಅದನ್ನು ನಾನು ಇವತ್ತಿಗೂ ಮರೆತಿಲ್ಲ. "ಆ ಔಷಧ ಬ್ಯಾಡ. ನಿದ್ದಿಗಣ್ಣಾಗ ಮಗಳನ್ನ ಹೆಂಗ ಮಾತಾಡಸ್ಲಿ? ಅಕಿ ಬರೂತನಾ ಎಚ್ಚರ ಇರತೀನಿ. ಬ್ಯಾನಿ ಆದ್ರ ಆಗ್ಲಿ."

ತಾರು ಹಾಕಿದೆ. ತಾಯಿ ಸೀರಿಯಸ್, ಕೂಡಲೇ ಹೊರಡಿ. ಡಾಕ್ಟರರಿಗೆ ಹೇಳಿದೆ. ಅವರು ಸಂಜೆ ಚಾಳಿನ ಎರಡು ಮಾಳಿಗೆ ಹತ್ತಿ ಬಂದು, ಅರ್ಧ ಪ್ರಮಾಣ ಕೊಡು, ಅಷ್ಟಕ್ಕೆ ನಿದ್ದೆ ಬರುವುದಿಲ್ಲ ಎಂದರು. ಅದನ್ನು ಸರಿಯಾಗಿಯೇ ತಿರುಗಿಸಿ ಹೇಳಿದೆ. ಆಕೆ ನನ್ನನ್ನು ನಂಬಲಿಲ್ಲ. ಯಾಕೆ ನಂಬಬೇಕು?

ನಾಲ್ಕು ದಿನ. ಎಲುಬಿನ ನೋವು ಹೇಗಿರುತ್ತದೆ ಎಂದು ನಾನು ವಾರ್ಡಿನಲ್ಲಿ ಕಂಡವಳು, ಬರೆಯುವುದಿಲ್ಲ. ಸೆರಗು ಬಾಯಿಗೆ ತುರುಕಿಕೊಳ್ಳುತ್ತಿದ್ದಳು. ಗಂಡಸರು ಬಂದು ಒಲೆ ಹಚ್ಚಿ, ಸಪ್ಪಳ ಮಾಡದೆ ರೊಟ್ಟಿ ಮಾಡಿಕೊಂಡು, ಗ್ಯಾಲರಿಯಲ್ಲಿ ಕೂತು ಉಂಡು ಹೋಗುತ್ತಿದ್ದರು. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿದರೆ ಬಾಗಿಲ ಕಡೆ ನೋಡುತ್ತಿದ್ದಳು. ಹಾಲಿನವನು, ನೀರಿನವನು, ಯಾರದೋ ಮನೆಯ ನೆಂಟರು. ನಾಲ್ಕನೇ ದಿನ ನನಗೆ ತಡೆಯಲಾಗದೆ ಔಷಧದ ಚಮಚ ಬಾಯಿಗೆ ಹಿಡಿದೆ. ಹಲ್ಲು ಕಚ್ಚಿದಳು. ಚಮಚ ಹಲ್ಲಿಗೆ ಬಡಿದ ಸಪ್ಪಳ... "ಅಕಿ ಬಂದಮ್ಯಾಲ ಕುಡೀತೀನಿ" ಎಂದಳು. ಅವತ್ತು ಮಧ್ಯಾಹ್ನ ಹೋದಳು. ಕಣ್ಣು ಬಾಗಿಲ ಕಡೆಗೇ ಇತ್ತು. ಮುಚ್ಚಿದವಳು ನಾನು.

ಕಲ್ಲುಕುಟಿಗ ಮತ್ತು ಉಳಿದವರು ಕೆಲಸ ಬಿಟ್ಟು ಬಂದು, ಎಲ್ಲೆಲ್ಲೋ ತಿರುಗಿ ನಮ್ಮವರಿಗೆ ಮಣ್ಣು ಕೊಡುವ ಜಾಗ ಹುಡುಕಿ, ಕತ್ತಲಾಗುವುದರೊಳಗೆ ಆಕೆ ಹೇಳಿದಂತೆಯೇ ಕೂರಿಸಿ ಮಣ್ಣು ಕೊಟ್ಟರು.

ಊರಿಂದ ಯಾಕೆ ಬರಲಿಲ್ಲ ಎಂಬುದು ತಿಳಿದದ್ದು ಹದಿನೈದು ದಿನದ ಮೇಲೆ, ಸಾವಿನ ಸುದ್ದಿ ಕೇಳಿ ಅಕ್ಕನ ತಮ್ಮ ಬಂದಾಗ. ತಾರು ಮುಟ್ಟಿತ್ತು. ಅವನು ಬಟ್ಟೆಯ ಗಂಟು ಕಟ್ಟಿ ಹುಡುಗಿಯನ್ನು ಕರೆದುಕೊಂಡು ಬಸ್ಸಿಗೆ ಹೊರಟು ನಿಂತಿದ್ದ. ಅಷ್ಟರಲ್ಲಿ ಮೂರು ದಿನಕ್ಕೊಮ್ಮೆ ಬರುವ ಟಪಾಲಿನವನು ಪತ್ರ ತಂದ. ನಾನು ಎರಡು ದಿನ ಸೊಂಟದಲ್ಲಿ ಇಟ್ಟುಕೊಂಡ ಪತ್ರ. ತಾರಿನ ಹಿಂದೆ ಬಂದದ್ದು, ಆದ್ದರಿಂದ ತಾರಿನ ನಂತರ ಬರೆದದ್ದು ಎಂದುಕೊಂಡರು. ನಾನು ಇಲ್ಲಿ ಆರಾಮ ಇದ್ದೇನೆ. ಮೇಲಿನ ತಾರೀಖು ಯಾರು ನೋಡುತ್ತಾರೆ? ಎಲ್ಲರಿಗೂ ಸಂತೋಷವಾಯಿತಂತೆ. ಗಂಟು ಬಿಚ್ಚಿದರಂತೆ.

ಹುಡುಗಿಯೂ ಬಂದಿತ್ತು, ಎರಡು ಜಡೆ, ಅಕ್ಕನದೇ ಹುಬ್ಬು. ಖೋಲಿಯೊಳಗೆ ಬರದೆ ಹೊಸ್ತಿಲಲ್ಲಿ ನಿಂತು ಒಲೆ ನೋಡಿತು. ಆಮೇಲೆ ನನ್ನನ್ನು ನೋಡಿ, "ಅವ್ವ ಆರಾಮ ಅದೀನಿ ಅಂತ ಬರದಿದ್ಲಲ್ಲ?" ಎಂದಿತು.

"ಆ ಅಕ್ಷರ ನನ್ನವು. ಸುಳ್ಳೂ ನನ್ನದು" ಎಂದೆ.

ಅದು ಗ್ಯಾಲರಿಯ ಕಟಕಟೆ ಹಿಡಿದು ಬೆನ್ನು ತಿರುಗಿಸಿ ನಿಂತಿತು. ಎರಡು ದಿನ ಇದ್ದರು. ನಾನು ಮಾಡಿದ್ದನ್ನು ಉಣ್ಣಲಿಲ್ಲ, ಕರೆದರೆ ಓ ಅನ್ನಲಿಲ್ಲ. ಮಾತಾಡಿಸದೆ ಹೋಯಿತು. ಅದು ಸರಿಯೇ.

ಈಗ ಅದಕ್ಕೂ ಅರವತ್ತರ ಹತ್ತಿರ ಆಗಿರಬೇಕು. ಇದ್ದರೆ. ಆ ಚಾಳು ಇಲ್ಲ, ಕೆಡವಿ ಬಿಲ್ಡಿಂಗ್ ಕಟ್ಟಿದ್ದಾರೆ. ಡಾಕ್ಟರ್ ಇಲ್ಲ, ನನ್ನ ಗಂಡ ಇಲ್ಲ. ಅಕ್ಕನ ಒಂದು ಫೋಟೋ ಕೂಡ ಇಲ್ಲ, ಎಲುಬಿನದು ತೆಗೆಸಿದ್ದು ಬಿಟ್ಟರೆ. ಮೊಮ್ಮಗಳು ರೊಟ್ಟಿ ಬಡಿಯುವ ಸಪ್ಪಳಕ್ಕೆ ತಾಳವೇ ಇಲ್ಲ, ಆದರೂ ನಾನು ಕಿವಿಗೊಡುತ್ತೇನೆ. ಬಾಯಿ ಬಿರುಸು, ಎದೆ ಕಲ್ಲು ಎಂದು ಸೊಸೆಯಂದಿರು ನನ್ನನ್ನು ಅನ್ನುತ್ತಾರೆ. ಅನ್ನಲಿ. ಯಾಕೆ ಹಾಗಾದೆ ಎಂದು ಯಾರೂ ಕೇಳಿಲ್ಲ, ಅದಕ್ಕೆ ಮಣ್ಣು ಕೊಟ್ಟ ಮರುದಿನ ಬೆಳಿಗ್ಗೆ ಏನು ಮಾಡಿದೆ ಎಂಬುದನ್ನು ಬರೆದು ನಿಲ್ಲಿಸುತ್ತೇನೆ.

ತಲೆಗೆ ನೀರು ಹಾಕಿಕೊಂಡು ಏಳಕ್ಕೆ ವಾರ್ಡಿಗೆ ಹೋದೆ. ಕಿಟಕಿ ಪಕ್ಕದ ಮಂಚದಲ್ಲಿ ಸಿಂದಗಿ ಕಡೆಯ ಒಬ್ಬ ಹೆಂಗಸು, ಹೊಟ್ಟೆ ಬಾತದ್ದು, ನನಗಿಂತ ಸಣ್ಣವಳು. ಮಂಚದ ಕೆಳಗೆ ಗಂಡ ಕೂತಿದ್ದ. ಡಾಕ್ಟರ್ ಸ್ಟೂಲ್ ಎಳೆದುಕೊಂಡು ಕೂತಿದ್ದವರು ನನ್ನನ್ನು ನೋಡಿ, ಇನ್ನೊಬ್ಬರನ್ನು ಕರೆಯಲೇ ಎಂದರು. ಬೇಡ ಎಂದೆ. ಅವರು ಹೇಳಬೇಕಾದದ್ದನ್ನು ಹೇಳಿದರು. ತಿಳಿಯದ ಕಡೆ ನಾನು ತಲೆ ಆಡಿಸಲಿಲ್ಲ. ತಿಳಿಯಲಿಲ್ಲ ಸಾಹೇಬ, ಇನ್ನೊಮ್ಮೆ ಹೇಳಿ ಎಂದೆ. ನಾಲ್ಕು ಸಲ ಎಂದೆ. ಆಮೇಲೆ ಆ ಹೆಂಗಸಿನ ಕಡೆ ತಿರುಗಿದೆ.

"ಏನವಾ, ಈ ಬ್ಯಾನಿ ಹೋಗೂದಿಲ್ಲ. ನೀ ಉಳಿಯೂದಿಲ್ಲ. ಬ್ಯಾನಿ ಕಡಿಮಿ ಆಗಾಕ ಔಷಧ ಕೊಡತಾರ, ಅಷ್ಟ. ಇನ್ನ ಸ್ವಲ್ಪ ದಿನ ನೀ ಕುಂಡ್ರತಿ, ಅಡ್ಡಾಡತಿ. ಎಲ್ಲಿರಬೇಕು, ಯಾರನ್ನ ನೋಡಬೇಕು, ಈಗ ಹೇಳು."

ಗಂಡ ಎದ್ದು ನಿಂತು, ನಾಲಗೆಗೆ ಹುಳ ಬೀಳಲಿ ನಿನ್ನ ಎಂದು ಕೂಗಿದ. ಸಿಸ್ಟರ್ ಓಡಿ ಬಂದಳು. ಆ ಹೆಂಗಸು ಅವನ ಕಡೆ ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದಳು, ರೆಪ್ಪೆ ಹೊಡೆಯದೆ. ಆಮೇಲೆ ಕೇಳಿದಳು.

"ನಮ್ಮೂರ ಕಡೆ ಗಾಡಿ ಎಷ್ಟಕ್ಕ ಅದ?"

"ಒಂಬತ್ತೂ ನಲವತ್ತಕ್ಕ" ಎಂದೆ.